ಪೂಜೆಗೆ ಮೊದಲಿನ ಮಾತ್ರೆ

ಮಧುಗಿರಿಯಲ್ಲಿ ಬಿಎಸ್ಸಿ ಕೊನೆಯ ವರ್ಷ ಓದುವಾಗ ಬ್ಯಾಗಿನಲ್ಲಿ ಪುಸ್ತಕ ಮರೆತರೂ ಮುಟ್ಟು ಮುಂದೂಡುವ ಮಾತ್ರೆ ಮರೆಯುತ್ತಿರಲಿಲ್ಲ. ಬಡವನಹಳ್ಳಿಯ ನಮ್ಮ ಮನೆಯಲ್ಲಿ ಹಬ್ಬ, ಹರಕೆ, ಮನೆದೇವರ ಪೂಜೆ ಅಂತ ಏನಾದರೊಂದು ಇದ್ದೇ ಇರುತ್ತಿತ್ತು. ಒಬ್ಬಳು ಮುಟ್ಟಾದರೂ ಪೂಜೆ ಕೆಟ್ಟಿತೆಂದೇ ನಂಬಿಕೆ. ಪೂಜೆಯ ದಿನ ಗೊತ್ತಾದ ಕೂಡಲೇ ಅಜ್ಜಿ ಫೋನ್ ಮಾಡಿ, "ಮಾತ್ರೆ ತಗಂಬುಡು ಕಣೇ" ಅನ್ನುತ್ತಿದ್ದಳು. ಡಾಕ್ಟರನ್ನು ಕೇಳುವ ಪದ್ಧತಿಯೇ ಇರಲಿಲ್ಲ. ಮೆಡಿಕಲ್ ಸ್ಟೋರಿನವನು ಮುಖ ನೋಡಿಯೇ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದ.

ಆ ವರ್ಷ ಮೂರನೇ ಸಲ ನುಂಗಿದಾಗ ತಲೆನೋವು ಹಿಡಿದುಕೊಂಡಿತು. ನಿಲ್ಲಿಸಿದ ಮೇಲೆ ಬೆಂಚಿನಿಂದ ಏಳಲು ಹೆದರುವಷ್ಟು ರಕ್ತಸ್ರಾವ. ಅಷ್ಟರಲ್ಲಿ ಮತ್ತೊಂದು ಪೂಜೆ ಬಂತು. ನುಂಗಲು ಭಯ, ನುಂಗದಿದ್ದರೆ ದೇವಿಯ ಭಯ, ಅದಕ್ಕಿಂತ ಅಜ್ಜಿಯ ಭಯ.

ಆ ವಾರವೇ ಕಾಲೇಜಿಗೆ ನರ್ಸಮ್ಮ ಒಬ್ಬರು ಹುಡುಗಿಯರಿಗೆ ಲೈಂಗಿಕ ಆರೋಗ್ಯದ ಪಾಠ ಮಾಡಲು ಬಂದರು. ಪ್ರಶ್ನೆ ಕೇಳಿ ಎಂದರೆ ಎಲ್ಲರೂ ನೆಲ ನೋಡಿದೆವು. ನನಗೆ ನನ್ನ ಮೇಲೇ ಸಿಟ್ಟು ಬಂತು. ಪರೀಕ್ಷೆಯಲ್ಲಿ ಗರ್ಭಕೋಶದ ಚಿತ್ರ ಬರೆದು ಪೂರ್ತಿ ಅಂಕ ಪಡೆದವಳು ನಾನು! ಎದ್ದು ಎಲ್ಲವನ್ನೂ ಹೇಳಿಬಿಟ್ಟೆ. ಯಾರೋ ಕಿಸಕ್ಕೆಂದರು.

"ನಗಬ್ಯಾಡ್ರೇ," ಎಂದು ಶಿರಾದಿಂದ ಬರುತ್ತಿದ್ದ ನನ್ನ ಗೆಳತಿ ಎದ್ದಳು. "ರಂಜಾನ್‌ನಾಗೆ ನಾವೂ ನುಂಗ್ತೀವಿ. ತಪ್ಪಿದ ರೋಜಾ ಉಪವಾಸ ಆಮೇಲೆ ಇಟ್ಕೋಬೋದು ಅಂತ ನಮ್ ಧರ್ಮದಾಗೇ ಐತೆ. ಆದ್ರೂ ನುಂಗ್ತೀವಿ."

ಆಮೇಲೆ ನೋಡಿದರೆ, ನಕ್ಕವರೂ ಸೇರಿ ಆರೇಳು ಕೈಗಳು ಮೇಲೆದ್ದವು. ನರ್ಸಮ್ಮ ನನ್ನನ್ನು ಮಾತ್ರ ಬಿಡಲಿಲ್ಲ, ಅಂದೇ ಆಸ್ಪತ್ರೆಗೆ ಕರೆದೊಯ್ದರು. ಇನ್ನು ಆ ಮಾತ್ರೆ ಬೇಡವೇ ಬೇಡ ಎಂದರು ಡಾಕ್ಟರು.

ಶನಿವಾರ ಊರಿಗೆ ಹೋಗಿ ಅಜ್ಜಿಗೆ ಹೇಳಿದೆ. ಗೆಳತಿಯ ರೋಜಾದ ಮಾತನ್ನೂ ಹೇಳಿ, "ನಮ್ ದೇವಿ ಒಂದ್ ವಾರ ಕಾಯಕ್ಕಿಲ್ವಾ ಅಜ್ಜಿ?" ಎಂದೆ.

"ದೇವ್ರಿಗೇ ದಿನ ಹೇಳ್ಕೊಡ್ತೀಯೇನೇ?" ಎಂದು ಗುಡುಗಿದಳು. ಆಮೇಲೆ ಅವರೆಕಾಯಿಯ ಮೊರ ಎಳೆದುಕೊಂಡು ಸುಲಿಯತೊಡಗಿದಳು. "ರಕ್ತ ಎಷ್ಟ್ ಹೋಯ್ತು?" ಎಂದು ಮೆಲ್ಲಗೆ ಕೇಳಿದಳು. ಹೇಳಿದೆ. ಸುಲಿಯುವ ಕೈ ನಿಂತಿತು.

ಪೂಜೆಯ ಏರ್ಪಾಟು ನೋಡುತ್ತಿದ್ದ ಚಿಕ್ಕಪ್ಪನಿಗೆ ಫೋನ್ ಮಾಡಿಕೊಡು ಎಂದಳು. ನಮ್ಮ ಮನೆಯಲ್ಲಿ ಗಂಡಸರ ಮುಂದೆ ಮುಟ್ಟಿನ ಮಾತೆತ್ತಿದವರೇ ಇರಲಿಲ್ಲ. "ಪೂಜೆ ಈ ಶುಕ್ರವಾರ ಬ್ಯಾಡ, ಮುಂದ್ಲ ಶುಕ್ರವಾರ ಮಾಡಣ," ಎಂದಳು. ಆ ಕಡೆಯಿಂದ ಯಾಕೆ ಎಂದು ಕೇಳಿರಬೇಕು. ಅಜ್ಜಿ ದನಿ ತಗ್ಗಿಸಲಿಲ್ಲ.

"ನಮ್ ಹುಡ್ಗಿ ಮುಟ್ಟಾಗೋ ವಾರ ಕಣ್ಲಾ. ದೇವಿಗೇ ಅರ್ಜೆಂಟಿಲ್ಲ, ನಿಂಗೇನ್ಲಾ?"