ಐದನೆಯ ಸ್ಟಾಂಪು ಮಣ್ಣಿನಲ್ಲಿದೆ

ನಮ್ಮ ಯಜಮಾನರ ಸ್ಟಾಂಪಿನ ಪುಸ್ತಕಗಳನ್ನು ನಾನು ಅವರ ಜೊತೆ ಮಣ್ಣಿಗೆ ಹಾಕಲಿಲ್ಲ. ಹಾಕಿದೆ ಎಂದು ಅವರ ಗೆಳೆಯ ಬಾಷಣ್ಣನಿಗೆ ಹೇಳಿದ್ದು ಸುಳ್ಳು. ಹನ್ನೆರಡು ವರ್ಷದಿಂದ ಆ ಮೂರು ಪುಸ್ತಕಗಳೂ ನನ್ನ ಟ್ರಂಕಿನಲ್ಲಿ, ಧಾರೆ ಸೀರೆಯ ಕೆಳಗೆ, ಒಣಗಿದ ಬೇವಿನ ಸೊಪ್ಪಿನ ನಡುವೆ ಇವೆ.

ಬರೆದುಬಿಟ್ಟೆ. ಈ ನಾಲ್ಕು ಸಾಲು ಬರೆಯುವುದಕ್ಕೆ ನನಗೆ ಎರಡು ದಿನ ಹಿಡಿಯಿತು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಅಕ್ಷರ ಬರುತ್ತವೆ, ಆದರೆ ಒಂದೊಂದಾಗಿ ಬರುತ್ತವೆ. ಮೊಮ್ಮಗಳು ಲಾವಣ್ಯ ತನ್ನ ಹಳೆಯ ನೋಟ್ ಬುಕ್ಕಿನಲ್ಲಿ ಉಳಿದ ಹಾಳೆಗಳನ್ನು ಕೊಟ್ಟಿದ್ದಾಳೆ. ಇಷ್ಟು ವರ್ಷ ಸುಮ್ಮನಿದ್ದವಳು ಈಗ ಯಾಕೆ ಎಂದರೆ — ಸಂತೋಷ ತಡೆಯಲಾರದೆ. ನಗಬೇಡಿ. ದುಃಖಕ್ಕೆ ಬಾಯಿ ಕಟ್ಟಬಹುದು, ನಾನು ಕಟ್ಟಿದ್ದೆ. ಸಂತೋಷಕ್ಕೆ ಆಗುವುದಿಲ್ಲ, ಅದು ಉಕ್ಕುವ ಹಾಲಿನ ಹಾಗೆ, ತಟ್ಟೆ ಮುಚ್ಚಿದರೂ ತಟ್ಟೆಯನ್ನೇ ಎತ್ತಿಬಿಡುತ್ತದೆ.

ಲಾವಣ್ಯ ನನ್ನ ಮಗಳ ಮಗಳು. ಚಿಕ್ಕಬಳ್ಳಾಪುರದಲ್ಲಿ ಐದನೇ ಕ್ಲಾಸು ಮುಗಿಸಿ, ಬೇಸಿಗೆ ರಜಕ್ಕೆ ಶಿಡ್ಲಘಟ್ಟಕ್ಕೆ ನನ್ನ ಹತ್ತಿರ ಬಂದಿದ್ದಾಳೆ. ಹೋದ ವಾರ ಸೀರೆ ಉಟ್ಟು ಟೀಚರ್ ಆಟ ಆಡಬೇಕೆಂದು ಟ್ರಂಕಿಗೆ ಕೈ ಹಾಕಿದಳು. ನಾನು ಹಿತ್ತಲ ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಎಷ್ಟು ಹೊತ್ತಾದರೂ ಸದ್ದಿಲ್ಲ. ಮಕ್ಕಳಿರುವ ಮನೆಯಲ್ಲಿ ಸದ್ದಿಲ್ಲ ಎಂದರೆ ಎದ್ದು ನೋಡಬೇಕು. ಹೋಗಿ ನೋಡಿದರೆ — ಸೀರೆ ಒಂದು ಕಡೆ, ಅವಳು ನೆಲದ ಮೇಲೆ ಹೊಟ್ಟೆಯ ಮೇಲೆ ಮಲಗಿ ಪುಸ್ತಕ ಬಿಡಿಸಿಕೊಂಡಿದ್ದಾಳೆ. ಒಂದು ಸ್ಟಾಂಪು ಕಿತ್ತುಕೊಂಡಿತ್ತು. ಅದನ್ನು ಬೆರಳಲ್ಲಿ ಮುಟ್ಟಲಿಲ್ಲ ನೋಡಿ. ಮೊದಲು ಮೆಲ್ಲಗೆ ಊದಿದಳು. ಆಮೇಲೆ ಅವಳಮ್ಮ ಬಿಟ್ಟುಹೋಗಿದ್ದ ಹುಬ್ಬಿನ ಚಿಮುಟ ತಂದು, ಅಂಚು ಹಿಡಿದು, ಎತ್ತಿ ಬೆಳಕಿಗೆ ಹಿಡಿದಳು.

ಅವಳ ತಾತ ಹಾಗೇ ಮಾಡುತ್ತಿದ್ದರು. ಮೊದಲು ಊದುವುದು, ಆಮೇಲೆ ಚಿಮುಟ. ಆ ಮಗು ಹುಟ್ಟುವುದಕ್ಕೆ ಎರಡು ವರ್ಷ ಮೊದಲೇ ಹೋದವರು! ಯಾರು ಹೇಳಿಕೊಟ್ಟರು ಅವಳಿಗೆ? ಅವಳನ್ನು ಎತ್ತಿಕೊಳ್ಳೋಣ ಎಂದರೆ ಹತ್ತು ವರ್ಷದ ಹುಡುಗಿ, ನನ್ನ ಸೊಂಟಕ್ಕೆ ಆಗಲಿಲ್ಲ. ಹಾಗೇ ಪಕ್ಕದಲ್ಲಿ ಕೂತೆ.

"ಅಜ್ಜೀ, ಇದೇನು ವಾಸನೆ?" ಎಂದು ಪುಸ್ತಕಕ್ಕೆ ಮೂಗು ಇಟ್ಟಳು.

ಆ ವಾಸನೆಯಿಂದಲೇ ಹೇಳಬೇಕು.

ನಾವಿಬ್ಬರೂ ಬಾಷಣ್ಣನ ಶೆಡ್ಡಿನಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದವರು. ಯಜಮಾನರು ಗೂಡು ಬೇಯಿಸುವುದು, ನಾನು ಬಿಸಿನೀರಿನ ತೊಟ್ಟಿಯ ಮುಂದೆ ಕೂತು ಎಳೆಯ ತುದಿ ಹುಡುಕಿ ರಾಟೆಗೆ ಕೊಡುವುದು. ಬಾಷಣ್ಣ ಶೆಡ್ಡಿನ ಮಾಲೀಕ, ಆದರೆ ಮಾಲೀಕನ ಗತ್ತು ಇರಲಿಲ್ಲ. ಅವರ ತಮ್ಮ ದುಬೈಯಲ್ಲಿದ್ದ. ಅಲ್ಲಿಂದ ಬರುತ್ತಿದ್ದ ಕಾಗದದ ಮೇಲಿನ ಸ್ಟಾಂಪು ನೋಡಿ ಬಾಷಣ್ಣ, ಯಜಮಾನರು ಇಬ್ಬರಿಗೂ ಒಟ್ಟಿಗೇ ಹುಚ್ಚು ಹಿಡಿಯಿತು. ಲಕೋಟೆಯಿಂದ ಅದನ್ನು ಬಿಡಿಸುವುದು ಹೇಗೆ? ನೂಲು ಬಿಚ್ಚುವವರಿಗೆ ಹೊಳೆಯುವುದು ಒಂದೇ ದಾರಿ — ಅಂಟಿದ್ದು ಬಿಸಿನೀರಿಗೆ ಬಿಡುತ್ತದೆ. ಸಂಜೆ ಕೆಲಸ ಮುಗಿದ ಮೇಲೆ ಗೂಡು ಬೇಯಿಸಿದ ಅದೇ ತೊಟ್ಟಿಗೆ ಲಕೋಟೆಗಳನ್ನು ಹಾಕಿಬಿಟ್ಟರು! ಸ್ಟಾಂಪು ಬಿಟ್ಟುಕೊಂಡಿತು, ಆದರೆ ಆ ನೀರಿನಲ್ಲಿ ಗೂಡಿನ ಅಂಟು ಇತ್ತಲ್ಲ, ಹುಳುವಿನ ವಾಸನೆ ಇತ್ತಲ್ಲ — ಒಣಗಿದ ಮೇಲೆ ಒಂದಕ್ಕೊಂದು ಕಚ್ಚಿಕೊಂಡು ಕೂತವು.

"ಏಯ್ ಮುನಿಯಪ್ಪ, ದುಬೈ ರಾಜನಿಗೆ ನಮ್ಮ ಹುಳದ ಸ್ನಾನ ಮಾಡಿಸಿಬಿಟ್ಟಲ್ಲೋ!" ಎಂದು ಬಾಷಣ್ಣ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

"ನೀವೇ ಅಲ್ವೇನ್ರೀ ಮುಳುಗಿಸಿದ್ದು? ನಾನು ಸುಮ್ನೆ ನೋಡ್ತಾ ನಿಂತಿದ್ದೆ!" ಎಂದರು ಇವರು.

ಆಮೇಲೆ ಬೇರೆ ಪಾತ್ರೆ, ಬೇರೆ ನೀರು. ಆ ಕೆಲಸ ನನ್ನ ಕೈಗೆ ಬಂತು. ಬೆಚ್ಚನೆಯ ನೀರಿಗೆ ಹಾಕಿ, ತೇಲಿ ಬಂದ ಮೇಲೆ ಮುಖ ಕೆಳಗಾಗಿ ಪೇಪರಿನ ಮೇಲೆ ಒಣಗಿಸಿ, ಕಲ್ಲು ಹೇರುವುದು. ಗೂಡಿನ ಎಳೆ ಹಿಡಿದ ಬೆರಳಿಗೆ ಅದೇನು ಕಷ್ಟ? ಕೈವಾರದಿಂದ, ಕೆಂಚಾರ್ಲಹಳ್ಳಿಯಿಂದ, ಎಲ್ಲಿ ಯಾರ ಮನೆಗೆ ಹೊರದೇಶದ ಕಾಗದ ಬಂದಿದೆ ಎಂದು ತಿಳಿದರೂ ಇವರು ಸೈಕಲ್ ತುಳಿದುಕೊಂಡು ಹೋಗಿ, "ಕಾಗದ ನಿಮಗಿರಲಿ, ಮೂಲೆ ನನಗೆ ಕೊಡಿ" ಎಂದು ಕೇಳಿ ತರುತ್ತಿದ್ದರು. ಮದುವೆಯಾಗಿ ಅಷ್ಟು ವರ್ಷದಲ್ಲಿ ನಾವಿಬ್ಬರೂ ಎದುರುಬದುರು ಸುಮ್ಮನೆ ಕೂತದ್ದು ಎಂದರೆ ಆ ನೀರಿನ ಪಾತ್ರೆಯ ಎರಡು ಕಡೆ ಮಾತ್ರ. ಅವರು ದೇಶದ ಹೆಸರು ಅಕ್ಷರ ಕೂಡಿಸಿ ಓದುತ್ತಿದ್ದರು, ನಾನು ತಪ್ಪೋ ಸರಿಯೋ ಹೂಂಗುಟ್ಟುತ್ತಿದ್ದೆ. ಆ ಸಂಜೆಗಳು — ಏನು ಹೇಳಲಿ.

ಅವುಗಳಲ್ಲಿ ಒಂದು ಚಿಟ್ಟೆಯ ಸೆಟ್ಟು. ಐದು ಇರಬೇಕು, ನಾಲ್ಕೇ ಸಿಕ್ಕಿದ್ದವು. ಐದನೆಯದು ರೇಷ್ಮೆ ಚಿಟ್ಟೆ. ನೂಲು ಬಿಚ್ಚುವ ನಾವು ಗೂಡನ್ನು ಬೇಯಿಸಿಬಿಡುತ್ತೇವೆ, ಹುಳು ಒಳಗೇ ಸಾಯುತ್ತದೆ, ಚಿಟ್ಟೆಯಾಗಿ ಹೊರಗೆ ಬಂದದ್ದನ್ನು ನಮ್ಮ ಶೆಡ್ಡಿನಲ್ಲಿ ಯಾರೂ ಕಂಡಿಲ್ಲ. ಅದಕ್ಕೇ ಗೆಳೆಯರಿಬ್ಬರಿಗೂ ಆ ಒಂದರ ಮೇಲೆ ಅಷ್ಟು ಆಸೆ. ಪುಸ್ತಕದಲ್ಲಿ ಅದಕ್ಕೆಂದು ಜಾಗ ಬಿಟ್ಟು, ಪೆನ್ಸಿಲಿನಲ್ಲಿ ಚೌಕ ಎಳೆದು, ಇವರು ಒಳಗೆ ಬರೆದರು: "ಬಾಷಾ ತರುತ್ತಾನೆ."

ಕಡೆಕಡೆಗೆ ಇವರಿಗೆ ಉಸಿರಾಡುವುದು ಕಷ್ಟವಾಯಿತು. ಆಗ ಗೆಳೆಯರಿಬ್ಬರೂ ಕೂತು ಪುಸ್ತಕಗಳ ಮುಂದಿನ ದಾರಿ ಯೋಚಿಸಿದರು. ನಗುನಗುತ್ತಲೇ, ಯಾವುದೋ ಮದುವೆಯ ಮಾತುಕತೆಯ ಹಾಗೆ. ಮೂರನೇ ಪುಸ್ತಕದ ಕೊನೇ ಹಾಳೆಯಲ್ಲಿ ಇವರ ಕೈಯಲ್ಲೇ ಬರೆದಿದೆ: "ನಾನು ಮೊದಲು ಹೋದರೆ ಎಲ್ಲಾ ಬಾಷಾಗೆ. ಬಾಷಾ ಮೊದಲು ಹೋದರೆ ನನಗೆ. ಇಬ್ಬರೂ ಹೋದ ಮೇಲೆ, ಎರಡು ಮನೆಯಲ್ಲಿ ಯಾವ ಮಗು ತಾನಾಗಿ ಕೇಳುತ್ತದೋ ಅದಕ್ಕೆ." ಕೆಳಗೆ ಇವರ ಕನ್ನಡದ ಸಹಿ, ಪಕ್ಕದಲ್ಲಿ ಬಾಷಣ್ಣನ ಉರ್ದು ಸಹಿ.

ನಾನು ಕಾಫಿ ಲೋಟ ಹಿಡಿದು ಅಲ್ಲೇ ನಿಂತಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಆಮೇಲೆ ಒಬ್ಬಳೇ ಇದ್ದಾಗ ಆ ಸಾಲುಗಳನ್ನು ಬೆರಳಿಟ್ಟು ಓದಿದೆ. ಬಾಷಾ ಇದ್ದಾನೆ, ಇನ್ನೂ ಹುಟ್ಟದ ಮಗು ಇದೆ, ನಾನಿಲ್ಲ. ಒಂದೊಂದು ಸ್ಟಾಂಪನ್ನೂ ನೀರಿನಿಂದ ಎತ್ತಿದ ಕೈ ಯಾವುದು ಎಂದು — ಹೋಗಲಿ.

ಅವರು ಹೋದ ದಿನ ಬಾಷಣ್ಣ ಊರಿನಲ್ಲಿ ಇರಲಿಲ್ಲ. ಗೌರಿಬಿದನೂರಿನ ದೊಡ್ಡ ಮಗಳ ಮನೆಗೆ, ಹೆರಿಗೆ ಎಂದು ಹೋಗಿದ್ದರು. ಬರುವ ಹೊತ್ತಿಗೆ ಮಣ್ಣು ಮುಚ್ಚಿಯಾಗಿತ್ತು. ಗೆಳೆಯನಿಗೆ ಒಂದು ಹಿಡಿ ಮಣ್ಣು ಹಾಕಲಾಗಲಿಲ್ಲವಲ್ಲ ಎಂದು ನಮ್ಮ ಜಗಲಿಯ ಮೇಲೆ ಕೂತು ಮಗುವಿನ ಹಾಗೆ ಅತ್ತರು. ಹನ್ನೊಂದನೇ ದಿನದ ತಿಥಿ ಮುಗಿದ ಮೇಲೆ ಮತ್ತೆ ಬಂದು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೇಳಿದರು.

"ನಾರಾಯಣಮ್ಮ, ಆ ಪುಸ್ತಕಗಳು… ಈಗಲೇ ಬೇಡಮ್ಮಾ. ನಿನಗೆ ಯಾವಾಗ ಮನಸ್ಸು ಬರುತ್ತೋ ಆವಾಗ."

ನಮ್ಮ ಕಡೆ ಸತ್ತವರ ಜೊತೆ ಅವರಿಗೆ ಇಷ್ಟವಾದದ್ದನ್ನು ಇಡುತ್ತೇವೆ — ಎಲೆಅಡಿಕೆ, ಬೀಡಿ ಕಟ್ಟು, ಹೊದೆಯುತ್ತಿದ್ದ ಟವೆಲ್ಲು. ಅದು ನೆನಪಿಗೆ ಬಂತು. ನಾಲಿಗೆ ತಾನೇ ಹೇಳಿತು ಎನ್ನುವುದಿಲ್ಲ, ನಾನೇ ಹೇಳಿದೆ.

"ಗುಂಡೀಲಿ ಇಟ್ಬಿಟ್ವಿ ಅಣ್ಣ. ಅವ್ರ ಎದೆ ಮೇಲೆ. ಅಷ್ಟು ಆಸೆ ಪಟ್ಟಿದ್ರಲ್ಲ."

ಮಣ್ಣು ಮಾಡುವಾಗ ಇದ್ದವರನ್ನು ಕೇಳಿದ್ದರೆ ಸುಳ್ಳು ಅವತ್ತೇ ಒಡೆಯುತ್ತಿತ್ತು. ಬಾಷಣ್ಣ ಯಾರನ್ನೂ ಕೇಳಲಿಲ್ಲ. ನನ್ನ ಮಾತಿನ ಮೇಲೆ ಇನ್ನೊಬ್ಬರ ಸಾಕ್ಷಿ ಅವರಿಗೆ ಬೇಕಿರಲಿಲ್ಲ. ಮುಖ ಒಂದು ಗಳಿಗೆ ಬಿಳುಚಿಕೊಂಡಿತು. ಆಮೇಲೆ ಟೋಪಿ ತಲೆಗಿಟ್ಟು, "ಒಳ್ಳೇದು ಮಾಡಿದೆಯಮ್ಮಾ. ಅವನ ಸಾಮಾನು ಅವನ ಹತ್ರ ಇರಲಿ" ಎಂದು ಎದ್ದು ಹೋದರು.

ಇಷ್ಟೇ ಆಗಿದ್ದರೆ ನಾನು ಇವತ್ತು ಬರೆಯುತ್ತಿದ್ದೆನೋ ಇಲ್ಲವೋ.

ವರ್ಷದ ತಿಥಿಯ ದಿನ ನಾವು ಹಾಲು ತುಪ್ಪ ಹಿಡಿದು ಮಣ್ಣಿನ ಹತ್ತಿರ ಹೋದಾಗ ಬಾಷಣ್ಣ ಆಗಲೇ ಬಂದು ಕಾಯುತ್ತಿದ್ದರು. ಕೈಯಲ್ಲಿ ಚಿಕ್ಕ ಪ್ಲಾಸ್ಟಿಕ್ ಕವರು. ನನಗೆ ತೋರಿಸಿದರು. ರೇಷ್ಮೆ ಚಿಟ್ಟೆ! ತಮ್ಮನಿಗೆ ಹೇಳಿ ಹೇಳಿ, ಅವನು ಯಾರು ಯಾರ ಹತ್ತಿರವೋ ಹುಡುಕಿ ಕಳಿಸಿದ್ದನಂತೆ. ಬೆಳ್ಳಗೆ, ರೆಕ್ಕೆ ಬಿಚ್ಚಿಕೊಂಡು, ಈಗ ತಾನೇ ಗೂಡಿನಿಂದ ಬಂದ ಹಾಗಿತ್ತು. ಬಾಷಣ್ಣ ಮಂಡಿಯೂರಿ, ಇವರ ತಲೆಯ ಕಡೆ ಒಂದು ಕೋಲಿನಿಂದ ಮಣ್ಣು ಕೆದಕಿ, ಕವರಿನ ಸಮೇತ ಅದನ್ನು ಒಳಗಿಟ್ಟರು. ಇಬ್ಬರೂ ಒಬ್ಬರನ್ನೊಬ್ಬರು ಛೇಡಿಸುವಾಗ ತೆಲುಗಿಗೆ ಹೋಗುತ್ತಿದ್ದರು, ಅವತ್ತೂ ಹಾಗೇ ಆಯಿತು.

"ಇದಿಗೋ, ತೀಸ್ಕೋರಾ ಮುನಿಯಪ್ಪ. ತಗೋ, ಐದನೇದು. ಇನ್ನ ನನ್ನ ಬೈಬೇಡ, ಸೆಟ್ಟು ತುಂಬಿಸ್ಕೋ."

ಹೇಳಬೇಕಾದ ಗಳಿಗೆ ಅದಾಗಿತ್ತು. "ಅಣ್ಣಾ, ನಿಲ್ಲಿ" — ಎರಡೇ ಮಾತು. ಪುಸ್ತಕ ಮನೆಯಲ್ಲಿದೆ, ಚೌಕ ಖಾಲಿ ಇದೆ, ಬನ್ನಿ. ಅವರ ಕೈ ಮಣ್ಣು ಎಳೆದು ಮುಚ್ಚುತ್ತಿತ್ತು, ನಾನು ಹಾಲಿನ ಚೆಂಬು ಹಿಡಿದು ನೋಡುತ್ತಿದ್ದೆ. ಮಾರನೇ ದಿನ ಒಬ್ಬಳೇ ಅಲ್ಲಿಗೆ ಹೋದೆ. ಅದೇ ಕೋಲು ಅಲ್ಲೇ ಬಿದ್ದಿತ್ತು. ಕೈಗೆ ತೆಗೆದುಕೊಂಡೆ. ಅವರು ಕೊಟ್ಟದ್ದನ್ನು ಕದ್ದು ಅಗೆಯುವಷ್ಟು ಕೆಟ್ಟವಳಾಗಲಾರದೆ, ನಿಜ ಹೇಳುವಷ್ಟು ಒಳ್ಳೆಯವಳೂ ಆಗಲಾರದೆ ವಾಪಸು ಬಂದೆ. ಆ ವಾರವೇ ಮಳೆ ಹಿಡಿಯಿತು.

ಹೋದ ವಾರ ಲಾವಣ್ಯ ಮೂರನೇ ಪುಸ್ತಕದ ಕೊನೆಗೆ ಬಂದಳು. ತಾತನ ಬರಹವನ್ನು ಪಾಠ ಓದುವ ಹಾಗೆ ಗಟ್ಟಿಯಾಗಿ, ಎಲ್ಲೂ ತಡವರಿಸದೆ ಓದಿದಳು. "ಯಾವ ಮಗು ತಾನಾಗಿ ಕೇಳುತ್ತದೋ ಅದಕ್ಕೆ" ಎನ್ನುವಾಗ ಅವಳ ಮುಖ ಅರಳಿತು.

"ಅಜ್ಜೀ, ನಾನೇ ಅಲ್ವಾ ಕೇಳಿದ್ದು? ಯಾರೂ ಹೇಳ್ಕೊಡ್ಲಿಲ್ಲ ಅಲ್ವಾ? ಹಂಗಾದ್ರೆ ಇದು ನಂದೇ!"

ಹೂಂ ಎಂದುಬಿಡಬಹುದಿತ್ತು. ಆ ಮಗುವಿಗೆ ಅಷ್ಟು ಖುಷಿ, ನನಗೆ ಅದಕ್ಕಿಂತ ಹೆಚ್ಚು. ಆದರೆ ಅವಳು ಮತ್ತೆ ಮೇಲಿನ ಸಾಲಿಗೆ ಬೆರಳಿಟ್ಟಳು, ಥೇಟು ನಾನು ಅವತ್ತು ಇಟ್ಟ ಹಾಗೆ. "ಬಾಷಾ ಅಂದ್ರೆ ಯಾರು? ಅವರು ಸತ್ತು ಹೋದ್ರಾ?"

"ಇಲ್ಲ ಕಣಮ್ಮ. ಚಿಂತಾಮಣೀಲಿ ಚಿಕ್ಕ ಮಗಳ ಮನೇಲಿದ್ದಾರೆ."

"ಮತ್ತೆ ಇದು ನಿನ್ನ ಹತ್ರ ಯಾಕಿದೆ?"

ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ, ಅಳಲಿಲ್ಲ. ಪುಸ್ತಕವನ್ನು ಮುಚ್ಚಿ ತನ್ನ ಕಡೆಯಿಂದ ನನ್ನ ಕಡೆಗೆ ಒಂದು ಗೇಣು ಸರಿಸಿದಳು. ಆ ಒಂದು ಗೇಣು ನನಗೆ ಸಾಕಾಯಿತು. ಸ್ವಲ್ಪ ಹೊತ್ತಿನ ಮೇಲೆ ನನ್ನ ಮುಖ ನೋಡಿ ಅವಳಿಗೇ ಕನಿಕರ ಬಂದಿರಬೇಕು. "ಅಜ್ಜೀ, ಅದೇ ಸ್ಟಾಂಪು ಆನ್‌ಲೈನಲ್ಲಿ ಸಿಗತ್ತೆ. ಅಮ್ಮನ ಫೋನಲ್ಲಿ ತರಿಸಿ ಅಂಟಿಸ್ಬಿಡೋಣ. ಅವರಿಗೆ ಗೊತ್ತೇ ಆಗಲ್ಲ."

"ಬೇಡ ಕಣೇ ಚಿನ್ನ. ಒಂದು ಸುಳ್ಳು ಹೊತ್ತಿದ್ದೇ ಸಾಕು" ಎಂದೆ.

ಮಾರನೇ ದಿನವೇ ಅವಳ ಕೈಯಲ್ಲೇ ನಂಬರು ಒತ್ತಿಸಿ ಫೋನು ಮಾಡಿದೆ. "ಅರೆ, ನಾರಾಯಣಮ್ಮ! ಇನ್ನೂ ಇದೀಯಾ? ನಾನೂ ಇದೀನಿ ನೋಡು, ಕಣ್ಣು ಮಾತ್ರ ಮೊದಲೇ ಹೊರಟುಹೋಗಿದೆ" ಎಂದು ಅದೇ ನಗು. ಭಾನುವಾರ ಮೊಮ್ಮಗಳ ಜೊತೆ ಬರುತ್ತೇನೆ, ಒಂದು ವಿಷಯ ಹೇಳಬೇಕು ಎಂದೆ. ಅಲ್ಲೇ ಹೇಳಲು ಹೋದೆ — ಅಷ್ಟರಲ್ಲಿ ಅವರೇ ಅಂದರು: "ಬಾರಮ್ಮಾ. ಬರೋವಾಗ ಮುನಿಯಪ್ಪನ ಹತ್ರ ಒಂದು ಊದುಬತ್ತಿ ಹಚ್ಚಿ ಬಾ. ಐದೂ ಸರಿಯಾಗಿದಾವಾ ಅಂತ ಕೇಳು, ನಾನು ಕೇಳ್ದೆ ಅಂತ ಹೇಳು."

ಫೋನು ಇಟ್ಟ ಮೇಲೆ ಈ ನೋಟ್ ಬುಕ್ಕು ತೆಗೆದುಕೊಂಡೆ.

ಭಾನುವಾರ ಬೆಳಗಿನ ಚಿಂತಾಮಣಿ ಬಸ್ಸಿಗೆ ಹೋಗುತ್ತೇವೆ. ಮೂರು ಪುಸ್ತಕಗಳನ್ನೂ ಇವರ ಹೊದಿಕೆಯ ಪಂಚೆಯಲ್ಲಿ ಕಟ್ಟಿಟ್ಟಿದ್ದೇನೆ. ಚಿಟ್ಟೆಯ ಹಾಳೆಯಲ್ಲಿ ಪೆನ್ಸಿಲಿನ ಚೌಕ ಖಾಲಿಯಾಗಿಯೇ ಇದೆ, ಹಾಗೇ ಕೊಡುತ್ತೇನೆ. ಕಣ್ಣಿಗೆ ಕಾಣದಿದ್ದರೆ ಅವರ ಬೆರಳನ್ನು ಹಿಡಿದು ಆ ಜಾಗದ ಮೇಲೆ ನಾನೇ ಇಡಬೇಕು. ಪುಸ್ತಕ ಅವರು ಇಟ್ಟುಕೊಳ್ಳಲಿ, ಅವರ ಮೊಮ್ಮಕ್ಕಳಿಗೆ ಕೊಡಲಿ, ಲಾವಣ್ಯಳಿಗೆ ಕೊಡಲಿ, ಅದು ಅವರಿಗೆ ಸೇರಿದ ಮಾತು. ಲಾವಣ್ಯಳಿಗೂ ಹೇಳಿದ್ದೇನೆ, ಬರುವಾಗ ಬರಿಗೈಯಲ್ಲಿ ಬರಬೇಕಾಗಬಹುದು ಎಂದು. "ಪರವಾಗಿಲ್ಲ ಅಜ್ಜಿ, ಚಿಮುಟ ಅಂತೂ ನಂದೇ" ಎಂದಳು.

ಬಾಷಣ್ಣಾ, ನಿಮ್ಮ ಎದುರಿಗೆ ಕೂತಾಗ ನನ್ನ ಬಾಯಿ ಅವತ್ತಿನ ಹಾಗೆ ಮತ್ತೆ ಕಟ್ಟಿಕೊಂಡರೆ ಎಂದು ಇದನ್ನೆಲ್ಲ ಬರೆದಿಟ್ಟಿದ್ದೇನೆ. ಲಾವಣ್ಯ ಗಟ್ಟಿಯಾಗಿ ಓದುತ್ತಾಳೆ, ಮೊದಲ ಸಾಲಿನಿಂದ. ಅವಳು ಓದಿ ಮುಗಿಸುವವರೆಗೂ ನಾನು ನಿಮ್ಮ ಮುಂದೆಯೇ ಕೂತಿರುತ್ತೇನೆ.