ಕೂಸಿಗೆ ಮಡಿ

ಸಕಲ ಪ್ರಾಣಿಗಳಲ್ಲಿ ಮನುಷ್ಯನ ಮರಿಯಷ್ಟು ಅಸಹಾಯಕವಾದುದು ಇನ್ನೊಂದಿಲ್ಲವೆಂದು ತಿಳಿದವರು ಹೇಳುತ್ತಾರೆ. ಅವರು ಆ ಮರಿಯ ತಂದೆಯನ್ನು ನೋಡಿಲ್ಲ. ಮರಿಗೆ ಅಳುವುದಕ್ಕಾದರೂ ಬರುತ್ತದೆ. ಅತ್ತರೆ ನಾಲ್ಕು ಜನ ಓಡಿ ಬರುತ್ತಾರೆ. ತಂದೆ ಅತ್ತರೆ ಪಕ್ಕದಲ್ಲಿ ಕೂತಿದ್ದ ಇಬ್ಬರೂ ಎದ್ದು ಹೋಗುತ್ತಾರೆ.

ಈ ಸತ್ಯ ನನಗೆ ಹೊಳೆದದ್ದು ಮಾರ್ಗಶಿರದ ಒಂದು ಬೆಳಿಗ್ಗೆ, ಶಿವಮೊಗ್ಗದ ರೈಲ್ವೆ ಸ್ಟೇಷನ್ನಿನಲ್ಲಿ, ಆರು ತಿಂಗಳ ಮಗಳನ್ನು ಎತ್ತಿಕೊಂಡು ಭದ್ರಾವತಿಯ ಗಾಡಿಗೆ ಕಾದು ನಿಂತಿದ್ದಾಗ. ಆಗ ನಾನು ಊರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಜಗತ್ತಿನಲ್ಲಿ ನಡೆಯುವ ಎಲ್ಲಕ್ಕೂ ನಾನು ಕಾರಣ ಹೇಳಬಲ್ಲೆ, ಕಾರಣ ಹೇಳಿದರೆ ಜನ ಕೇಳುತ್ತಾರೆ ಎಂಬ ಎರಡು ಭ್ರಮೆಗಳು ಆ ವಯಸ್ಸಿನಲ್ಲಿ ನನಗಿದ್ದವು. ಆ ಚಳಿಗಾಲ ಊರಿಗೆಲ್ಲ ಫ್ಲೂ. ನನ್ನ ತರಗತಿಯಲ್ಲಿ ಪಾಠಕ್ಕಿಂತ ಕೆಮ್ಮೇ ಹೆಚ್ಚು ಕೇಳಿಸುತ್ತಿತ್ತು, ಮತ್ತು ಅದರಲ್ಲಿ ಪುನರುಕ್ತಿ ಕಡಿಮೆಯಿತ್ತು.

ಇಂಥ ಕಾಲದಲ್ಲಿ ಕೂಸನ್ನು ಕಟ್ಟಿಕೊಂಡು ಯಾಕೆ ಹೊರಟಿರಿ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಸಾವಿತ್ರಿಗೆ ಒಬ್ಬಳೇ ತಂಗಿ. ಅವಳ ನಿಶ್ಚಿತಾರ್ಥ. ಹೋಗದೆ ಇರುವಂತಿರಲಿಲ್ಲ. ಹೋಗುವುದೂ ಸುಲಭವಿರಲಿಲ್ಲ. ಕೂಸು ಹುಟ್ಟಿದ್ದು ಭದ್ರಾವತಿಯ ತವರುಮನೆಯಲ್ಲಿ. ಮೂರು ತಿಂಗಳು ತುಂಬಿದ ಮೇಲೆ ಕರೆದುಕೊಂಡು ಬಂದೆವು. ಬಂದ ಹದಿನೈದು ದಿನಕ್ಕೆ ನೆಗಡಿಯಾಯಿತು, ನೆಗಡಿ ಎದೆಗಿಳಿಯಿತು. ಎಂಟು ದಿನ ಆಸ್ಪತ್ರೆಯಲ್ಲಿ ಅದರ ಪಕ್ಕೆ ಅಕ್ಕಸಾಲಿಗನ ತಿದಿಯಂತೆ ಏರಿಳಿಯುವುದನ್ನು ನೋಡುತ್ತ ಕೂತೆವು. ಅದರ ವಿಷಯ ಹೆಚ್ಚು ಬರೆಯಲಾರೆ. ಬಿಟ್ಟು ಕಳಿಸುವಾಗ ಡಾಕ್ಟರು ಹೇಳಿದ್ದು ಇಷ್ಟು: "ಈ ಚಳಿಗಾಲ ಒಂದು ದಾಟಿಸಿಬಿಡಿ ಮೇಷ್ಟ್ರೇ. ನೆಗಡಿ ಇರೋರು ಇದನ್ನ ಮುಟ್ಟಬಾರ್ದು. ಕೈ ತೊಳೀದೆ ಯಾರೂ ಎತ್ತಬಾರ್ದು. ಮುಖಕ್ಕೆ ಮುತ್ತು ಬೇಡವೇ ಬೇಡ. ಇನ್ನೊಂದು ಸಲ ಎದೆ ಕಟ್ಟಿತು ಅಂದ್ರೆ ನಾನು ಭರವಸೆ ಕೊಡೋಕಾಗಲ್ಲ."

ಹೀಗಾಗಿ ನಾನು ಸಿದ್ಧತೆಯಲ್ಲಿ ಕೊರತೆ ಮಾಡಲಿಲ್ಲ. ಎರಡು ಟೋಪಿ, ಮೂರು ಶಾಲು, ಕಾಲುಚೀಲ, ಬಿಸಿನೀರಿನ ಫ್ಲಾಸ್ಕು, ಸೋಪು, ಬಜೆ, ಗ್ರೈಪ್ ವಾಟರ್. ದಂಡಯಾತ್ರೆಗೆ ಹೊರಟ ಅರಸರೂ ಇಷ್ಟು ಸಾಮಗ್ರಿ ಒಯ್ದಿರಲಾರರು; ಅವರು ಹೋಗುತ್ತಿದ್ದುದು ಬರೀ ಶತ್ರುಗಳ ಊರಿಗೆ, ಮಾವನ ಮನೆಗಲ್ಲ. ಸಾವಿತ್ರಿ ಸ್ಟೇಷನ್ನಿನಲ್ಲಿ ಎರಡು ಶಾಲು ಬಿಚ್ಚಿ ತೆಗೆದಳು.

"ಇಷ್ಟು ಸುತ್ತಿದ್ರೆ ಕೂಸಿಗೆ ಉಸಿರು ಎಲ್ಲಿಂದ ಬರ್ಬೇಕು? ಬೆವೆತುಬಿಟ್ಟಿದೆ ನೋಡಿ."

ನೋಡಿದೆ. ಬೆವೆತಿತ್ತು. ಚಳಿಯಿಂದ ಕಾಪಾಡುವ ಭರದಲ್ಲಿ ಕೂಸನ್ನು ಬೇಯಿಸುತ್ತಿದ್ದೆ.

ಗಾಡಿಯಲ್ಲಿ ನಮ್ಮೆದುರಿಗೆ ಅಡಿಕೆ ಮಂಡಿಯ ಸಾಹುಕಾರರೊಬ್ಬರು ಕೂತಿದ್ದರು. ಗಾಡಿ ಹೊರಟು ಐದು ನಿಮಿಷವಾಗಿರಲಿಲ್ಲ, ಒಂದು ಸೀನು ಬಂತು. ನಮ್ಮ ಶಾಸ್ತ್ರದಲ್ಲಿ ಸೀನಿಗೆ ಫಲ ಹೇಳಿದೆ, ಕಾರಣ ಹೇಳಿಲ್ಲ: ಒಂಟಿ ಸೀನು ಅಶುಭ, ಜೋಡಿ ಸೀನು ಶುಭ. ವಿಜ್ಞಾನದಲ್ಲಿ ಕಾರಣ ಹೇಳಿದೆ, ಫಲ ಹೇಳಿಲ್ಲ. ಎರಡನ್ನೂ ಓದಿಕೊಂಡ ನಾನು ಜೋಡಿಗಾಗಿ ಕಾದೆ. ಮೂರು ಬಂದವು.

"ನೆಗಡಿಯೇನು ಸ್ವಾಮಿ?" ಎಂದೆ, ಆದಷ್ಟು ಮೃದುವಾಗಿ.

"ಎಲ್ಲಿಯ ನೆಗಡಿ ಮಾರಾಯ್ರೇ. ನಶ್ಯ." ಅವರು ಬೆಳ್ಳಿಯ ಡಬ್ಬಿ ತೋರಿಸಿದರು. "ಮೂವತ್ತು ವರ್ಷದಿಂದ ಏರಿಸ್ತಾ ಇದೀನಿ, ನೆಗಡಿ ಅನ್ನೋದು ಹತ್ತಿರ ಸುಳಿದಿಲ್ಲ. ನಂಬಿಕೆ ಇಲ್ಲ ಅಂತ ಕಾಣುತ್ತೆ ನಿಮ್ಮ ಮುಖ. ತಗೊಳ್ಳಿ, ಒಂದು ಚಿಟಿಕೆ ನೋಡಿ."

ಸೀನಿನ ಮೂಲ ನಶ್ಯವೋ ನೆಗಡಿಯೋ ಎಂಬುದನ್ನು ಪ್ರಯೋಗದಿಂದ ನಿರ್ಣಯಿಸುವುದು ವಿಜ್ಞಾನದ ಮೇಷ್ಟ್ರಿಗೆ ಕರ್ತವ್ಯ. ತೆಗೆದುಕೊಂಡೆ. ಆಮೇಲೆ ನಡೆದದ್ದನ್ನು ವಿವರಿಸಬೇಕಾಗಿಲ್ಲ. ನನ್ನ ಐದನೆಯ ಸೀನಿಗೆ ಸಾವಿತ್ರಿ ಕೂಸನ್ನೆತ್ತಿಕೊಂಡು ಬೋಗಿಯ ಆ ತುದಿಯ ಬೆಂಚಿಗೆ ಹೋದಳು. ಭದ್ರಾವತಿಯ ಕಾರ್ಖಾನೆಯ ಚಿಮಣಿ ಕಾಣುವ ತನಕ ನಮ್ಮ ಸಂಸಾರ ಎರಡು ಬೆಂಚುಗಳಲ್ಲಿ ಪ್ರಯಾಣ ಮಾಡಿತು. ಕೂಸನ್ನು ಸೀನಿನಿಂದ ದೂರವಿಡಲು ಹೊರಟವನನ್ನೇ ಸೀನಿನ ಕಾರಣಕ್ಕೆ ದೂರವಿಡಬೇಕಾಯಿತು.

ಭದ್ರಾವತಿಯ ಮನೆಯಲ್ಲಿ ಆಗಲೇ ಹದಿನೈದು ಜನ ಸೇರಿದ್ದರು. ಅವರಲ್ಲಿ ಎಂಟು ಮೂಗುಗಳಾದರೂ ಸುರಿಯುತ್ತಿದ್ದವು. ಒಳಗೆ ಕಾಲಿಡುತ್ತಲೇ ಹದಿನೈದು ಜೊತೆ ಕೈ ಕೂಸಿನ ಕಡೆಗೆ ಚಾಚಿದವು. ಎಲ್ಲಕ್ಕೂ ಮುಂದೆ ಇದ್ದದ್ದು ಅನಂತ ಚಿಕ್ಕಪ್ಪನವರ ಕೈ. ಇವರು ಸಾವಿತ್ರಿಯ ತಂದೆಯ ತಮ್ಮ, ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ. ಮಕ್ಕಳಿಲ್ಲ. ಕೂಸು ಹುಟ್ಟಿದ ಮೂರು ತಿಂಗಳೂ ಪಾಳಿ ಮುಗಿಸಿ ಬಂದವರೇ ಅದನ್ನೆತ್ತಿಕೊಂಡು ಜಗಲಿಯ ಮೇಲೆ ಓಡಾಡುತ್ತಿದ್ದರು. ಅವರ ತೋಳಲ್ಲದೆ ಬೇರೆಡೆ ಅದು ಮಲಗುತ್ತಿರಲಿಲ್ಲ. ಈಗ ಆ ತೋಳುಗಳು ಚಾಚಿದ್ದವು, ಮೂಗು ದಾಸವಾಳದಂತೆ ಕೆಂಪಾಗಿತ್ತು.

ನಾನು ಅಡ್ಡ ನಿಂತು ಭಾಷಣ ಆರಂಭಿಸಿದೆ. ಕ್ರಿಮಿಗಳು ಬರಿಗಣ್ಣಿಗೆ ಕಾಣುವುದಿಲ್ಲವೆಂದೂ, ಒಂದು ಸೀನಿನಲ್ಲಿ ಅವು ಲಕ್ಷಗಟ್ಟಲೆ ಇರುತ್ತವೆಂದೂ ಹೇಳಿದೆ.

"ಕಣ್ಣಿಗೆ ಕಾಣಲ್ಲ ಅಂದ್ರೆ ನಿಮಗೆ ಹ್ಯಾಗೆ ಕಂಡ್ವು ಅಳಿಯಂದ್ರೆ?" ಎಂದು ಸಾವಿತ್ರಿಯ ಸೋದರತ್ತೆ ಕೇಳಿದರು. ಎಲ್ಲರೂ ನಕ್ಕರು. ನನ್ನ ಹತ್ತು ವರ್ಷದ ಮೇಷ್ಟ್ರುಗಿರಿಯಲ್ಲಿ ಯಾವ ಹುಡುಗನೂ ಕೇಳದಿದ್ದ ಪ್ರಶ್ನೆ.

ಚಿಕ್ಕಪ್ಪ ನಗಲಿಲ್ಲ. "ಮೂರು ತಿಂಗಳು ಇದೇ ತೋಳಲ್ಲಿ ಮಲಗಿದ ಕೂಸು. ಆಗ ನನ್ನ ಕೈಲಿ ಇಲ್ಲದ ಕ್ರಿಮಿ ಈಗ ಬಂತಾ?" ಎಂದು ಕೈ ಇಳಿಸಿದರು. ನನ್ನ ವಿಜ್ಞಾನದಲ್ಲಿ ತಪ್ಪಿರಲಿಲ್ಲ. ಆದರೆ ಮನೆತುಂಬ ಇದ್ದ ಪ್ರೀತಿಯ ಜನಕ್ಕೆಲ್ಲ ನೀವು ರೋಗಿಷ್ಠರು ಎಂದು ಹೇಳಿದ ಹಾಗಾಗಿತ್ತು. ಸಾವಿತ್ರಿ ಕೂಸಿನೊಡನೆ ಸರಸರನೆ ಅಡಿಗೆಮನೆಗೆ ನಡೆದಳು.

ಸ್ವಲ್ಪ ಹೊತ್ತಿಗೆ ಅಡಿಗೆಮನೆಯಿಂದ ಅಜ್ಜಿ ಹೊರಬಂದರು. ಅಜ್ಜಿಯೆಂದರೆ ಚಿಕ್ಕಪ್ಪನವರ ತಾಯಿ, ಎಂಬತ್ತರ ಹತ್ತಿರ. ಅರ್ಧ ಶತಮಾನ ಆ ಮನೆ ಅವರ ಮಡಿಯ ಅಳತೆಯಲ್ಲೇ ನಡೆದಿತ್ತು.

"ಎಲ್ಲರೂ ದೂರ ಸರೀರಿ. ಕೂಸು ಮಡೀಲಿದೆ."

"ಕೂಸಿಗೆಲ್ಲಿಯ ಮಡಿ ಅತ್ತಿಗೆ?" ಎಂದು ಯಾರೋ ಮುದುಕರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಹಸುಗೂಸಿಗೆ ಮಡಿಯ ಕಟ್ಟಿಲ್ಲವೆಂಬುದು ಆ ಮನೆಯ ಬೆಕ್ಕಿಗೂ ಗೊತ್ತು.

"ಹರಕೆ ಇದೆ. ಬಾವಿ ನೀರಲ್ಲಿ ಸ್ನಾನ ಮಾಡಿ, ಮಡಿ ಉಟ್ಟು, ಆಮೇಲೆ ಮುಟ್ಟೋದು. ಹಂಡೆ ಬಿಸಿನೀರು ಹರಕೆಗೆ ಆಗಲ್ಲ."

ಹದಿನೈದು ಜನ ಹಿಂದಕ್ಕೆ ಸರಿದರು. ಒಬ್ಬರ ಮುಖದಲ್ಲೂ ಬೇಸರವಿಲ್ಲ. ಲಕ್ಷಗಟ್ಟಲೆ ಕ್ರಿಮಿಗಳು ಮಾಡಲಾರದ ಕೆಲಸವನ್ನು ಎರಡಕ್ಷರ ಮಾಡಿತು. ನಾನು ಅಜ್ಜಿಯ ಹತ್ತಿರ ಹೋಗಿ, ಮೂರು ಮೊಳ ದೂರದಲ್ಲಿ ನಿಂತು, ಮೆಲ್ಲಗೆ ಕೇಳಿದೆ: "ಯಾವ ದೇವರಿಗೆ ಹರಕೆ ಅಜ್ಜಿ?"

"ದೇವರ ಹೆಸರು ನಾನು ಹೇಳಿಲ್ಲವಲ್ಲಪ್ಪ. ಮತ್ತೆ ಸುಳ್ಳು ಹ್ಯಾಗಾಗತ್ತೆ? ನೀನೂ ಮುಟ್ಟಬೇಡ. ನಶ್ಯದ ವಾಸನೆ."

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕು. ನಾನು ಮಡಿಯ ವಿರೋಧಿ. ಅದರ ಹೆಸರಿನಲ್ಲಿ ಎಷ್ಟು ಜನರನ್ನು ಎಷ್ಟು ಕಾಲ ಬಾಗಿಲಾಚೆ ನಿಲ್ಲಿಸಿದ್ದೇವೆಂಬುದನ್ನು ಒಂದು ಕೂಸಿನ ನೆಗಡಿ ಮರೆಸಲಾರದು, ಮರೆಸಲೂ ಬಾರದು. ಆದರೆ ಅಂದು ಒಂದು ಸಲವಾದರೂ ಅದರ ಪೆಟ್ಟು ಮನೆಯವರ ಮೇಲೆಯೇ ಬಿತ್ತಲ್ಲ ಎಂದು ಸಮಾಧಾನಪಟ್ಟುಕೊಂಡೆ. ಅಲ್ಲದೆ ಅಜ್ಜಿಯ ಏರ್ಪಾಡಿನ ತರ್ಕವನ್ನು ನೋಡಿ. ನೆಗಡಿಯಾದವನು ಮಾರ್ಗಶಿರದಲ್ಲಿ ಬಾವಿಯ ತಣ್ಣೀರು ಸುರಿದುಕೊಳ್ಳನು. ಸುರಿದುಕೊಳ್ಳದವನು ಕೂಸನ್ನು ಮುಟ್ಟನು. ಆದ್ದರಿಂದ ನೆಗಡಿಯಾದವನು ಕೂಸನ್ನು ಮುಟ್ಟನು. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂದು ಸಾಧಿಸಲು ಜೀವಮಾನ ಸವೆಸಿದ ತಾರ್ಕಿಕರು ಇಷ್ಟು ಉಪಯುಕ್ತವಾದ ಅನುಮಾನವನ್ನು ಒಂದು ಸಲವೂ ಮಾಡಿಲ್ಲ. ಡಾಕ್ಟರು ಹೇಳಿದ ಮೂರು ಮಾತೂ ಇದರೊಳಗೆ ಅಡಕವಾಗಿದ್ದವು, ಮತ್ತು ಯಾರ ಮನಸ್ಸೂ ನೊಂದಿರಲಿಲ್ಲ. ನಾನು 'ನಿಮ್ಮಲ್ಲಿ ದೋಷವಿದೆ' ಎಂದಿದ್ದೆ. ಅಜ್ಜಿ 'ನನ್ನಲ್ಲಿ ನಿಯಮವಿದೆ' ಎಂದರು. ಮೊದಲನೆಯದಕ್ಕೆ ಜಗಳವಾಗುತ್ತದೆ, ಎರಡನೆಯದಕ್ಕೆ ಜನ ದಾರಿ ಬಿಡುತ್ತಾರೆ.

ತರ್ಕದಲ್ಲಿ ಒಂದು ತೂತಿತ್ತು. ಪ್ರೀತಿಗೆ ಅದರಲ್ಲಿ ಜಾಗವಿಟ್ಟಿರಲಿಲ್ಲ.

ಅರ್ಧ ಗಂಟೆಯಾಗಿರಬಹುದು. ಹಿತ್ತಲಲ್ಲಿ ಬಾವಿಯ ರಾಟೆ ಕಿರುಗುಟ್ಟಿತು. ನೀರು ಸುರಿದ ಸದ್ದು, ನಡುವೆ ಸೀನು. ಮತ್ತೆ ನೀರು, ಮತ್ತೆ ಸೀನು. ಚಿಕ್ಕಪ್ಪ ಒದ್ದೆ ಪಂಚೆಯಲ್ಲಿ, ನೀಲಿಗಟ್ಟಿದ ತುಟಿಯಲ್ಲಿ, ಹಲ್ಲು ಕಟಕಟ ಎನ್ನುತ್ತ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತರು.

"ಆಯ್ತಮ್ಮ. ಕೊಡು ಕೂಸನ್ನ."

ಸಾವಿತ್ರಿ ಕೂಸನ್ನು ಎದೆಗೆ ಒತ್ತಿಕೊಂಡಳು. ನನಗೆ ಆಸ್ಪತ್ರೆಯ ಎಂಟು ದಿನಗಳು ನೆನಪಾದವು. ತನ್ನ ನಿಯಮವನ್ನು ಅಕ್ಷರಶಃ ಪಾಲಿಸಿ ಬಂದ ಮಗನಿಗೆ ಅಜ್ಜಿ ಏನೆಂದಾರು?

"ಮೊದಲು ತಲೆ ಒರೆಸ್ಕೋ," ಎಂದು ಅಜ್ಜಿ ಒಣ ಟವೆಲ್ಲು, ಮಡಿಪಂಚೆ, ಶಾಲು ಎಲ್ಲವನ್ನೂ ಎಸೆದರು. ಉಟ್ಟು ಬಂದ ಮೇಲೆ ಮಣೆ ಹಾಕಿ ಪಂಚಪಾತ್ರೆ ಮುಂದಿಟ್ಟರು. "ಕೂತ್ಕೋ. ಆಚಮನ ಮಾಡು."

ಚಿಕ್ಕಪ್ಪ ಎರಡು ಉದ್ಧರಣೆ ನೀರು ಕುಡಿದಿದ್ದರು, ಮೂರನೆಯದಕ್ಕೆ ಸೀನಿದರು.

"ಸೀನಿದೆ. ಸೀನಿದ್ರೆ ಆಚಮನ ಮತ್ತೆ ಮೊದಲಿಂದ."

ಇದು ಅಜ್ಜಿ ಕಟ್ಟಿದ್ದಲ್ಲ, ಶಾಸ್ತ್ರವೇ. ಚಿಕ್ಕಪ್ಪ ಮತ್ತೆ ಮೊದಲಿಂದ ಮಾಡಿದರು, ಮತ್ತೆ ಸೀನಿದರು. ನಾಲ್ಕು ಸಲ ಹೀಗಾಯಿತು. ಐದನೆಯದಕ್ಕೆ ಉದ್ಧರಣೆ ಕೆಳಗಿಟ್ಟು ತಾಯಿಯ ಮುಖ ನೋಡಿದರು.

"ಅಮ್ಮ, ಹರಕೆ ಗಿರಕೆ ಏನೂ ಇಲ್ಲ ಅಲ್ವಾ?"

"ನಿನಗೆ ನೆಗಡಿ ಇದೆಯೋ ಇಲ್ವೋ?"

"ಇದೆ."

"ಹಾಗಾದ್ರೆ ಹರಕೆಯೂ ಇದೆ."

ಆಗ ಸಾವಿತ್ರಿ ಬಾಯಿ ಬಿಟ್ಟಳು. "ಚಿಕ್ಕಪ್ಪ, ಆಸ್ಪತ್ರೆಲಿ ಎಂಟು ದಿನ ಇವಳ ಉಸಿರು ಎಣಿಸ್ತಾ ಕೂತಿದ್ದೆ. ಉಳಿಯತ್ತೋ ಇಲ್ವೋ ಅಂತ ಡಾಕ್ಟ್ರೂ ಹೇಳ್ತಿರಲಿಲ್ಲ."

ಚಿಕ್ಕಪ್ಪನವರ ಮುಖ ಬಿಳಿಚಿತು. "ಆಸ್ಪತ್ರೆನಾ? ಕಾಗದದಲ್ಲಿ ಸ್ವಲ್ಪ ಶೀತ ಆಗಿತ್ತು, ಈಗ ವಾಸಿ ಅಂತ ಇತ್ತಲ್ಲೇ?"

ಕಾಗದ ಬರೆದವನು ನಾನು. ಉಭಯ ಕುಶಲೋಪರಿ ಸಾಂಪ್ರತ ಎಂದು ಮೊದಲು ಬರೆದು, ಆ ಸಾಲಿಗೆ ಅಪಚಾರವಾಗದ ಹಾಗೆ ಮುಂದಿನದನ್ನು ಹೊಂದಿಸುವುದು ನಮ್ಮ ಕಾಗದಗಳ ಸಂಪ್ರದಾಯ. ದೂರದಲ್ಲಿರುವವರು ಗಾಬರಿಯಾಗಬಾರದು ಎಂಬುದು ನನ್ನ ಔದಾರ್ಯ. ದೂರವೇನು, ಒಂದು ಗಂಟೆಯ ರೈಲು. ಕ್ರಿಮಿಯ ಜಾತಿ, ಕುಲ, ಸಂಖ್ಯೆ ಎಲ್ಲವನ್ನೂ ಹೇಳಿದ ಮೇಷ್ಟ್ರು ಕೂಸು ಸಾಯುವ ಹಾಗಿತ್ತು ಎಂಬ ಒಂದು ಮಾತನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಅದು ಗೊತ್ತಿಲ್ಲದವರಿಗೆ ನನ್ನ ಭಾಷಣ ಅಳಿಯನ ಜಂಬವಾಗಿ ಕೇಳಿಸಿದ್ದರಲ್ಲಿ ಆಶ್ಚರ್ಯವೇನು?

"ತಪ್ಪು ನಂದೇ ಮಾವ," ಎಂದೆ ಚಿಕ್ಕಪ್ಪನವರಿಗೆ.

"ಇರ್ಲಿ ಬಿಡಿ ಅಳಿಯಂದ್ರೆ," ಎಂದರು. ಎದ್ದು, ಗೋಡೆಯ ಕಡೆ ತಿರುಗಿ ಸೀನಿ, ಟವೆಲ್ಲನ್ನು ಮೂಗು ಬಾಯಿಗೆ ಬಿಗಿದುಕೊಂಡರು. ಕುಲುಮೆಯ ಧೂಳಿನಲ್ಲಿ ಕೆಲಸ ಮಾಡುವವರಿಗೆ ಅದು ಅಭ್ಯಾಸ. ಸಾವಿತ್ರಿ ಕೂಸನ್ನು ಕೋಣೆಯಲ್ಲಿ ಮಲಗಿಸಿದ ಮೇಲೆ ಒಂದು ಕುರ್ಚಿ ಎಳೆದು ಅದರ ಹೊರಗೆ, ಬಾಗಿಲಿಗೆ ಬೆನ್ನು ಮಾಡಿ ಕೂತುಬಿಟ್ಟರು. ಹೊಸದಾಗಿ ದೀಕ್ಷೆ ಪಡೆದವರ ನಿಷ್ಠೆ ಹಳಬರಿಗೆ ಬರುವುದಿಲ್ಲ. ಆಮೇಲೆ ಆ ಬಾಗಿಲನ್ನು ಒಂದು ನೊಣ ಕೂಡ ಸ್ನಾನ ಮಾಡದೆ ದಾಟಲಿಲ್ಲ. ನಿಶ್ಚಿತಾರ್ಥಕ್ಕೆ ಬಂದಿದ್ದ ಗಂಡಿನ ತಾಯಿ ಕೂಸನ್ನು ಹರಸಬೇಕೆಂದು ಬಂದಾಗ ಚಿಕ್ಕಪ್ಪ ಕೈಮುಗಿದು, "ಹರಕೆ ಇದೆ ತಾಯಿ. ಬಾವಿ ಹಿತ್ತಲಲ್ಲಿದೆ," ಎಂದರು. ಆಕೆ ದೂರದಿಂದಲೇ ಹರಸಿ ಹೋದರು. ಇಂಥ ಆಚಾರವಂತರ ಮನೆಯ ಸಂಬಂಧ ಸಿಕ್ಕಿದ್ದು ಪುಣ್ಯ ಎಂದು ಊಟದ ಪಂಕ್ತಿಯಲ್ಲಿ ಹೇಳಿದರಂತೆ. ಟವೆಲ್ಲು ಕಟ್ಟಿದ್ದು ಕೂಡ ಹರಕೆಯ ಅಂಗವೆಂದೇ ಅವರು ತಿಳಿದಿದ್ದರು.

ಸಂಜೆ ಹೊರಡುವ ಮೊದಲು, ಕೂಸನ್ನು ಎತ್ತಿಕೊಳ್ಳಬೇಕಲ್ಲ ಎಂದು, ನಾನೂ ಬಾವಿಕಟ್ಟೆಗೆ ಹೋದೆ. ಮಡಿಯ ವಿರೋಧಿ ಮಡಿಯಾದದ್ದನ್ನು ನೋಡಲು ಸೋದರತ್ತೆ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದರು. "ಕ್ರಿಮಿ ಕಾಣ್ತಾ ಇವೆಯಾ ಅಳಿಯಂದ್ರೆ?" ಎಂದರು. ನಾನು ಇನ್ನೊಂದು ಕೊಡ ತಣ್ಣೀರು ಸೇದಿ ತಲೆಯ ಮೇಲೆ ಸುರಿದುಕೊಂಡೆ.

ನನಗೆ ನೆಗಡಿಯಾಗಿ ಶಿವಮೊಗ್ಗದ ಮನೆಯ ಹೊರಗಿನ ಕೋಣೆಯಲ್ಲಿ ಆರು ದಿನ ಮಲಗಿದೆ. ಕೂಸಿಗೆ ಆಗಲಿಲ್ಲ. ಮೂರನೆಯ ವಾರ ಡಾಕ್ಟರು ಅದರ ಎದೆಗೆ ಕೊಳವೆಯಿಟ್ಟು ಕೇಳಿ, ಕಫವಿಲ್ಲ ಎಂದರು. ಆ ಭಾನುವಾರ ಅನಂತ ಚಿಕ್ಕಪ್ಪ ಬೆಳಗಿನ ಗಾಡಿಗೆ ಬಂದರು. ಅವರ ನೆಗಡಿ ವಾಸಿಯಾಗಿತ್ತು. ಸ್ನಾನ ಮಾಡಿ, ಕೂಸನ್ನು ಎತ್ತಿಕೊಂಡು, ಮಧ್ಯಾಹ್ನದ ಊಟದ ತನಕ ಕೆಳಗಿಳಿಸಲಿಲ್ಲ.