ಕೆಳದನಿಯ ಮೈರಿಗ್

ಬೆರ್ವಿನ್ ಬೆಟ್ಟದ ತಪ್ಪಲಿನಲ್ಲಿ ಮೂವತ್ತೆಂಟು ವರ್ಷ ಹಾಲಿನ ಟ್ಯಾಂಕರ್ ಓಡಿಸಿದ ಮೈರಿಗ್ ಬೆಬ್‌ಗೆ ಕ್ಯಾಲೆಂಡರ್ ಬೇಕಾಗಿರಲಿಲ್ಲ. ಗುಡ್ಡದ ಜರಿಗಿಡ ಕೆಂಪಾಯಿತೆಂದರೆ ಅವನ ಗಂಟಲಲ್ಲಿ ಕ್ರಿಸ್‌ಮಸ್ ಹಾಡು ತಾನಾಗಿಯೇ ಶುರುವಾಗುತ್ತಿತ್ತು. ಅದಕ್ಕೂ ಮೊದಲು ಹಾಡುವುದು ಮರ್ಯಾದೆಯಲ್ಲ ಎಂದು ಅಪ್ಪ ಹೇಳಿದ್ದ. ಅಪ್ಪ ಹೇಳಿದ ನೂರು ಮಾತುಗಳಲ್ಲಿ ಮೈರಿಗ್ ಪಾಲಿಸಿದ್ದು ಇದೊಂದನ್ನೇ ಇರಬೇಕು.

ಮನೆಯಲ್ಲಿ ಮೂವರು ಒಂದೇ ಹಾಡನ್ನು ಒಟ್ಟಿಗೆ ಮೂರು ಬೇರೆ ದನಿಗಳಲ್ಲಿ ಹಾಡುತ್ತಿದ್ದರು. ಅವನದು ಕೆಳದನಿ. ರಾಗ ಅಕ್ಕ ನೆಸ್ತಾಳದು, ನಡುವಿನ ದನಿ ಅವಳ ಗಂಡ ಇದ್ವಾಲನದು. ಐವತ್ತು ವರ್ಷ ಹಾಡಿದರೂ ಮನೆಯ ಹಾಡಿನ ರಾಗ ಮಾತ್ರ ಮೈರಿಗ್‌ಗೆ ಬಾರದು. ಅವನು ಗುನುಗುವುದನ್ನು ಕೇಳಿದವರು ಟ್ಯಾಂಕರಿನ ಎಂಜಿನ್ ಎಂದುಕೊಳ್ಳುತ್ತಿದ್ದರು.

ಕಳೆದ ಮಾರ್ಚಿನಲ್ಲಿ ನೆಸ್ತಾಳ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ದನಿ ಹೋಯಿತು, ಈಗ ಪಿಸುಮಾತಷ್ಟೇ. ಹೀಗಿರುವಾಗ ಜನವರಿಯ ಪ್ಲಗೈನ್, ಊರವರೇ ಸೇರಿ ಕ್ರಿಸ್‌ಮಸ್ ಹಾಡು ಹಾಡುವ ಸಂಜೆ, ಬಂತು. ಆ ಸಂಜೆ ಚರ್ಚಿನಲ್ಲಿ ಯಾರ ಹೆಸರನ್ನೂ ಕೂಗುವುದಿಲ್ಲ, ವಾದ್ಯವಿಲ್ಲ, ಚಪ್ಪಾಳೆಯಿಲ್ಲ. ಒಂದೊಂದು ಮನೆಯವರು ತಾವಾಗಿಯೇ ಎದ್ದು ಮುಂದೆ ಹೋಗಿ, ತಮ್ಮ ಮನೆತನದ ಹಾಡು ಹಾಡಿ, ಬಂದು ಕೂರುತ್ತಾರೆ. ಎಲ್ಲರದೂ ಮುಗಿದ ಮೇಲೆ ಬೇರೊಂದು ಹಾಡಿನೊಂದಿಗೆ ಎರಡನೆಯ ಸುತ್ತು. ಒಬ್ಬರು ಹಾಡಿದ್ದನ್ನು ಆ ಸಂಜೆ ಮತ್ತೊಬ್ಬರು ಹಾಡುವಂತಿಲ್ಲ. ಬೆಬ್ ಮನೆಯವರು ಏಳದೆ ಉಳಿದ ವರ್ಷವೇ ಇರಲಿಲ್ಲ.

“ಈ ಸಲ ಬೇಡ ಬಿಡು ನೆಸ್ತಾ,” ಎಂದ ಮೈರಿಗ್. “ರಾಗಾನೇ ಇಲ್ದೆ ಏನ್ ಹಾಡೋದು? ಕೊಟ್ಟಿಗೇಲಿ ಎರಡು ಹಸು ಒದರಿದಂಗಿರತ್ತೆ.”

“ಒದರಿ,” ನೆಸ್ತಾ ಪಿಸುಗುಟ್ಟಿದಳು. “ಒಂದ್ ವರ್ಷ ಕೂತ್ಯೋ, ಮುಂದಿನ ವರ್ಷ ನೀನು ಏಳಲ್ಲ. ನಿನ್ನ ಸೋಂಬೇರಿತನ ನಂಗೊತ್ತಿಲ್ವಾ?”

ಇದ್ವಾಲ್ ಯಾವತ್ತಿನಂತೆ ಇಬ್ಬರ ಮಾತಿಗೂ ತಲೆಯಾಡಿಸಿದ.

ಮೂವರೂ ಹೋದರು. ಇವರದಾಗಲಿ, ಅವರದಾಗಲಿ ಎನ್ನುತ್ತ ಮೈರಿಗ್ ಬೆಂಚಿಗೆ ಅಂಟಿಕೊಂಡೇ ಕೂತ. ಮೊದಲ ಸುತ್ತು ಮುಗಿಯುತ್ತ ಬಂತು. ಆಗ ಗಾರ್ಥ್ ಫಾರ್ಮಿನ ತೆಗಿದ್ ತನ್ನಿಬ್ಬರು ಹೆಣ್ಣುಮಕ್ಕಳೊಂದಿಗೆ ಎದ್ದುಹೋದ. ಹಿರಿಯವಳು ಎತ್ತಿಕೊಂಡದ್ದು ಬೆಬ್ ಮನೆಯ ಹಾಡನ್ನು! ಇವರಂತೂ ಈ ವರ್ಷ ಏಳುವುದಿಲ್ಲ, ಹಾಡು ಅನಾಥವಾಗಬಾರದು ಎಂಬ ಒಳ್ಳೆಯತನ. ಆ ಒಳ್ಳೆಯತನಕ್ಕೆ ಬೆಂಕಿ ಬೀಳ ಎಂದುಕೊಂಡ ಮೈರಿಗ್, ಚರ್ಚಿನೊಳಗೇ. ಇನ್ನು ತಾವು ಅದನ್ನು ಹಾಡುವಂತಿಲ್ಲ.

ಆದರೆ ಎರಡನೆಯ ಚರಣ ಬರುವಷ್ಟರಲ್ಲಿ ಅವನ ಸಿಟ್ಟು ಎಲ್ಲೋ ಜಾರಿತು. ಆ ಹಾಡನ್ನು ಅವನು ತಾನು ಹಾಡದೆ ಕೂತು ಕೇಳುತ್ತಿದ್ದದ್ದು ಇದೇ ಮೊದಲು. ಮೂರನೆಯ ಸಾಲಿನಲ್ಲಿ ರಾಗ ಮೇಲೇರಿ, ಅಲ್ಲಿ ಕೊಂಚ ತಡೆದು, ಮೆಲ್ಲಗೆ ಇಳಿಯಿತು. ಆ ಜಾಗದಲ್ಲಿ ಅವನ ಪಾಲಿಗಿದ್ದದ್ದು ಒಂದೇ ಸ್ವರ. ಮನಸ್ಸಿನಲ್ಲೇ ನಾಲ್ಕರವರೆಗೆ ಎಣಿಸುತ್ತ ಅದನ್ನು ಹಿಡಿದು ನಿಂತಿರುತ್ತಿದ್ದ. ತನ್ನ ತಲೆಯ ಮೇಲೆ ಇಷ್ಟೆಲ್ಲ ನಡೆಯುತ್ತಿತ್ತೆ? ಪಕ್ಕಕ್ಕೆ ನೋಡಿದರೆ ನೆಸ್ತಾಳ ತುಟಿ ಅಲುಗುತ್ತಿತ್ತು.

ಗಾರ್ಥ್‌ನವರು ಬಂದು ಕೂತರು. ಇನ್ನು ಯಾರೂ ಉಳಿದಿಲ್ಲ ಎನ್ನುವಾಗ ನೆಸ್ತಾ ಎದ್ದುಬಿಟ್ಟಳು. ಹೆಂಗಸು ಹೋಗಿ ಮುಂದೆ ಒಬ್ಬಳೇ ನಿಂತ ಮೇಲೆ ಗಂಡಸರಿಬ್ಬರು ಕೂತಿರುವುದು ಹೇಗೆ? ಹೋಗಿ ಅವಳ ಎಡಬಲಕ್ಕೆ ನಿಂತರು. ಎರಡನೆಯ ಸುತ್ತಿಗೆಂದು ಇಟ್ಟುಕೊಂಡಿದ್ದ ಹಾಡನ್ನೇ ಹಾಡಿದರು. ಕೆಳದನಿ ಇತ್ತು, ನಡುದನಿ ಇತ್ತು. ನೆಸ್ತಾ ಒಂದೊಂದು ಪದಕ್ಕೂ ಬಾಯಿ ತೆರೆದಳು, ಸದ್ದು ಬರಲಿಲ್ಲ. ಮೈರಿಗ್‌ನ ದನಿ ಒಂದು ಕಡೆ ನಡುಗಿತು, ಆದರೂ ಬಿಡಲಿಲ್ಲ. ಮುಗಿಯುವವರೆಗೆ ಚರ್ಚಿನಲ್ಲಿ ಯಾರೂ ಕೆಮ್ಮಲಿಲ್ಲ.

ಬಂದು ಕೂತ ಮೇಲೆ ಅವನು ಅಕ್ಕನ ಕಡೆ ಬಾಗಿದ. “ನಮ್ಮ ಹಾಡಿನ ರಾಗ ಅಷ್ಟು ಚೆನ್ನಾಗಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೇ.”

“ಐವತ್ತು ವರ್ಷ ಪಕ್ಕದಲ್ಲೇ ನಿಂತಿದ್ಯಲ್ಲೋ!”

ಮೈರಿಗ್‌ಗೆ ನಾಚಿಕೆಯಾಯಿತು. ಕಣ್ಣು ಮುಚ್ಚಿ, ನೆಸ್ತಾ ಅದನ್ನು ಹಾಡುತ್ತಿದ್ದದ್ದು ಹೇಗೆ ಎಂದು ನೆನಪಿಸಿಕೊಳ್ಳಲು ನೋಡಿದ. ಕಿವಿಗೆ ಬಂದದ್ದು ಗಾರ್ಥ್‌ನ ಹುಡುಗಿಯ ದನಿ.